ಥೆರಪಿಯಲ್ಲಿ ದೇವರ ಮಾತು ಎತ್ತಬಹುದಾ? ಮನಸ್ಸಿನ ಚಿಕಿತ್ಸೆ ಮತ್ತು ಅಧ್ಯಾತ್ಮ: ಪದೇ ಪದೇ ಕೇಳುವ ಪ್ರಶ್ನೆಗಳು

ಕೌನ್ಸೆಲಿಂಗ್ ಕೋಣೆಯಲ್ಲಿ ಜನ ಎಷ್ಟೋ ಗುಟ್ಟುಗಳನ್ನು ಹೇಳಿಕೊಳ್ಳುತ್ತಾರೆ. ಮನೆಯ ಜಗಳ, ಸಾಲ, ಬಾರದ ನಿದ್ದೆ, ಸತ್ತೇಹೋಗೋಣ ಅನ್ನಿಸಿದ ರಾತ್ರಿ. ಆದರೆ ದೇವರ ವಿಷಯಕ್ಕೆ ಬಂದಾಗ ಮಾತು ತಡೆಯುತ್ತದೆ. "ಇದನ್ನ ಇಲ್ಲಿ ಹೇಳಬಹುದೋ ಇಲ್ವೋ" ಅಂತ ಶುರುಮಾಡಿ ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ. ನಾನು ಈ ಕೆಲಸದಲ್ಲಿ ಇರುವವಳು. ಆ ಅರ್ಧ ಮಾತನ್ನು ಬಹಳ ಸಲ ಕೇಳಿದ್ದೇನೆ. ಅದರ ಬೆನ್ನಿಗೇ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಥೆರಪಿಯಲ್ಲಿ ದೇವರು, ನಂಬಿಕೆ ಇವುಗಳ ಬಗ್ಗೆ ಮಾತಾಡಬಹುದಾ?

ಖಂಡಿತ ಮಾತಾಡಬಹುದು. "ನನಗೇ ಯಾಕೆ ಹೀಗಾಯ್ತು?", "ಸತ್ತವರು ಎಲ್ಲಿ ಹೋಗ್ತಾರೆ?", "ನಾನು ಮಾಡಿದ ತಪ್ಪಿಗೆ ಕ್ಷಮೆ ಇದೆಯಾ?" ಇಂಥ ಪ್ರಶ್ನೆಗಳು ಕಷ್ಟದಲ್ಲಿರುವ ಪ್ರತಿ ಮನಸ್ಸಿಗೂ ಬರುತ್ತವೆ. ಬಹಳ ಜನ ಇವಕ್ಕೆ ಉತ್ತರ ಹುಡುಕುವುದೇ ತಮ್ಮ ನಂಬಿಕೆಯೊಳಗೆ. ಅದನ್ನು ಬಾಗಿಲಾಚೆ ಬಿಟ್ಟು ಬಾ ಅಂದರೆ ಅರ್ಧ ಮನುಷ್ಯನನ್ನು ಮಾತ್ರ ಒಳಗೆ ಕರೆದ ಹಾಗೆ.

ಇದು ನನ್ನೊಬ್ಬಳ ಅಭಿಪ್ರಾಯ ಅಲ್ಲ. ವರ್ಲ್ಡ್ ಸೈಕಿಯಾಟ್ರಿಕ್ ಅಸೋಸಿಯೇಷನ್ 2015ರಲ್ಲಿ ಈ ಬಗ್ಗೆ ತನ್ನ ನಿಲುವನ್ನು ಹೇಳಿದೆ. ರೋಗಿಯ ನಂಬಿಕೆ ಮತ್ತು ಆಚರಣೆಗಳನ್ನು ಮನೋವೈದ್ಯರು ಮಾಮೂಲಾಗಿಯೇ ಕೇಳಿ ತಿಳಿದುಕೊಳ್ಳಬೇಕು ಅನ್ನುತ್ತದೆ ಅದು. ಜೊತೆಗೆ, ವೈದ್ಯರು ತಮ್ಮ ನಂಬಿಕೆಯನ್ನಾಗಲಿ ನಾಸ್ತಿಕತೆಯನ್ನಾಗಲಿ ರೋಗಿಯ ಮೇಲೆ ಹೇರಬಾರದು ಎಂದೂ ಹೇಳುತ್ತದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್‌ನಲ್ಲಂತೂ 1999ರಿಂದಲೇ ಅಧ್ಯಾತ್ಮ ಮತ್ತು ಮನೋವೈದ್ಯಕ್ಕಾಗಿ ಒಂದು ಪ್ರತ್ಯೇಕ ಗುಂಪು ಕೆಲಸ ಮಾಡುತ್ತಿದೆ.

ಅಧ್ಯಾತ್ಮ ಅಂದ್ರೆ ಧರ್ಮ ತಾನೇ?

ಕೆಲವರಿಗೆ ಎರಡೂ ಒಂದೇ. ಇನ್ನು ಕೆಲವರು ಯಾವ ಧರ್ಮಕ್ಕೂ ಸೇರದೆ, "ನನಗಿಂತ ದೊಡ್ಡದು ಏನೋ ಇದೆ" ಅಂತ ನಂಬಿ ಬದುಕುತ್ತಾರೆ. ಧರ್ಮದ ಎಲ್ಲ ಆಚರಣೆ ಮಾಡಿಯೂ ಒಳಗೆ ಏನೂ ಅನ್ನಿಸದವರೂ ಇದ್ದಾರೆ. ಥೆರಪಿಯಲ್ಲಿ ಪದದ ಅರ್ಥಕ್ಕಾಗಿ ಜಗಳ ಬೇಡ. ನಿಮ್ಮ ಬದುಕಿಗೆ ಆಧಾರ ಕೊಡುವುದು ಯಾವುದು, ಯಾವುದು ನಿಮಗೆ ಪವಿತ್ರ? ಅಲ್ಲಿಂದ ಶುರುಮಾಡಿದರೆ ಸಾಕು.

ಧರ್ಮ ಅನ್ನುವುದೇ ಒಂದು ಕಾಯಿಲೆ ಅಂತ ಫ್ರಾಯ್ಡ್ ಹೇಳಿದ್ದರಂತೆ. ಮತ್ತೆ ಮನಶ್ಶಾಸ್ತ್ರ ಅದನ್ನ ಒಪ್ಪಿದ್ದು ಯಾವಾಗ?

ಈ ಕಥೆ ನೇರವಾಗಿಲ್ಲ. ಮಾತಿನ ಮೂಲಕ ಮನಸ್ಸಿಗೆ ಚಿಕಿತ್ಸೆ ಕೊಡುವ ದಾರಿ ಹಾಕಿದ ವಿಯೆನ್ನಾದ ವೈದ್ಯ ಫ್ರಾಯ್ಡ್ 1907ರಲ್ಲಿ ಬರೆದ ಒಂದು ಲೇಖನದಲ್ಲಿ ಧಾರ್ಮಿಕ ಆಚರಣೆಗಳನ್ನು, ಒಂದನ್ನೇ ಮತ್ತೆ ಮತ್ತೆ ಮಾಡುವ ಗೀಳು ರೋಗಿಗಳ ನಡವಳಿಕೆಗೆ ಹೋಲಿಸಿದರು. 1927ರ ಹೊತ್ತಿಗೆ ಧರ್ಮವೇ ಒಂದು ಭ್ರಮೆ ಎಂದು ವಾದಿಸಿದರು. ಅವರ ಪ್ರಭಾವ ದೊಡ್ಡದಿತ್ತು. ಹಾಗಾಗಿ ಮುಂದಿನ ಹಲವು ದಶಕ, ರೋಗಿ ದೇವರ ಹೆಸರು ಎತ್ತಿದರೆ ಅದರ ಹಿಂದೆ ಏನೋ ತೊಂದರೆ ಇದೆ ಅಂತ ನೋಡುವ ಅಭ್ಯಾಸ ಬೆಳೆಯಿತು.

ಆದರೆ ಬೇರೆ ದನಿಗಳು ಮೊದಲಿನಿಂದಲೂ ಇದ್ದವು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1901–02ರಲ್ಲಿ ಎಡಿನ್‌ಬರೋದಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಜನರ ಧಾರ್ಮಿಕ ಅನುಭವಗಳನ್ನು ಗೌರವದಿಂದ, ಅವರವರ ಮಾತಿನಲ್ಲೇ ನೋಡಿದರು. ಒಂದು ಅನುಭವದ ಬೆಲೆ ತಿಳಿಯಬೇಕಾದರೆ ಅದು ಬದುಕಿನಲ್ಲಿ ಯಾವ ಫಲ ಕೊಟ್ಟಿತು ಅಂತ ನೋಡಿ ಅಂದರು. ನೂರು ವರ್ಷ ದಾಟಿದರೂ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ. ಫ್ರಾಯ್ಡ್ ಜೊತೆಗಿದ್ದ ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯುಂಗ್ 1913ರ ಹೊತ್ತಿಗೆ ಅವರಿಂದ ದೂರವಾದರು. ಮನಸ್ಸಿಗೆ ಅಧ್ಯಾತ್ಮದ ಹಸಿವು ಸಹಜ ಎಂದು ಯುಂಗ್ ನಂಬಿದ್ದರು.

ಇನ್ನೂ ಹಿಂದೆ ಹೋದರೆ ಇಂಗ್ಲೆಂಡಿನ ಯಾರ್ಕ್ ಇದೆ. 1790ರಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದ ಒಬ್ಬ ಹೆಂಗಸು ತೀರಿಕೊಂಡಳು. ಆಕೆಯನ್ನು ನೋಡಲು ಅವಳ ಪಂಥದವರಿಗೆ ಬಿಟ್ಟಿರಲಿಲ್ಲ. ಆ ನೋವಿನಿಂದ ವಿಲಿಯಂ ಟ್ಯೂಕ್ ಎಂಬ ಕ್ವೇಕರ್ ವ್ಯಾಪಾರಿ ಮುಂದೆ ನಿಂತು ಬೇರೆಯೇ ಒಂದು ಮನೆ ಕಟ್ಟಿಸಿದರು. 1796ರಲ್ಲಿ ಅದು ತೆರೆಯಿತು. ಸರಪಳಿ, ಹೊಡೆತಗಳ ಬದಲು ಕೆಲಸ, ನಡಿಗೆ, ಒಳ್ಳೆಯ ಮಾತು. ಪ್ರತಿ ಮನುಷ್ಯನೊಳಗೂ ದೇವರ ಬೆಳಕು ಇದೆ ಅನ್ನುವ ಅವರ ನಂಬಿಕೆ ಆ ಮನೆಯ ತಳಪಾಯ. ಮಾನಸಿಕ ರೋಗಿಗಳನ್ನು ಮನುಷ್ಯರಂತೆ ನೋಡುವುದನ್ನು ಕಲಿಸಿದವರಲ್ಲಿ ಧರ್ಮದವರೂ ಇದ್ದಾರೆ. ಸರಪಳಿ ಹಾಕಿದವರಲ್ಲೂ ಇದ್ದಾರೆ. ಎರಡನ್ನೂ ನೆನಪಿಡಬೇಕು.

1994ರಲ್ಲಿ ಅಮೆರಿಕದ ಮನೋವೈದ್ಯರ ರೋಗಪಟ್ಟಿಯ ನಾಲ್ಕನೇ ಆವೃತ್ತಿ ಬಂತು. ಅದರಲ್ಲಿ "ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ" ಎಂಬ ಹೊಸ ಗುಂಪು ಸೇರಿತು. ನಂಬಿಕೆ ಕಳೆದುಕೊಳ್ಳುವುದು, ಧರ್ಮ ಬದಲಿಸಿದ ಮೇಲಿನ ತಳಮಳ ಇಂಥವೆಲ್ಲ ಅದರಲ್ಲಿ ಬರುತ್ತವೆ. ಇವು ಕಾಯಿಲೆಗಳಲ್ಲ, ಆದರೂ ಗಮನ ಕೊಡಬೇಕಾದ ಕಷ್ಟಗಳು ಎಂದು ಒಪ್ಪಿಕೊಂಡ ಹಾಗಾಯಿತು.

ಥೆರಪಿಸ್ಟ್ ಈ ಬಗ್ಗೆ ಏನೇನು ಕೇಳುತ್ತಾರೆ?

ಸಾಮಾನ್ಯವಾಗಿ ನಾಲ್ಕು ವಿಷಯ. ನಿಮಗೆ ನಂಬಿಕೆ ಇದೆಯಾ, ಅಥವಾ ಬದುಕಿಗೆ ಅರ್ಥ ಕೊಡುವ ಬೇರೆ ಏನಾದರೂ ಇದೆಯಾ? ಅದು ನಿಮಗೆ ಎಷ್ಟು ಮುಖ್ಯ? ಅದೇ ನಂಬಿಕೆಯ ಜನ ನಿಮ್ಮ ಜೊತೆಗಿದ್ದಾರಾ? ಚಿಕಿತ್ಸೆಯಲ್ಲಿ ನಾವು ಇದನ್ನು ಹೇಗೆ ಗಮನಿಸಬೇಕು ಅಂತ ನಿಮ್ಮ ಆಸೆ? ಕ್ರಿಸ್ಟಿನಾ ಪುಚಾಲ್ಸ್ಕಿ ಎಂಬ ವೈದ್ಯೆ 1996ರಲ್ಲಿ ಈ ನಾಲ್ಕು ಪ್ರಶ್ನೆಗಳ ಕ್ರಮವನ್ನು ರೂಪಿಸಿದರು. ಈಗ ಬಹಳ ಕಡೆ ಬಳಕೆಯಲ್ಲಿದೆ.

ನಾನು ಇನ್ನೊಂದನ್ನು ಸೇರಿಸಿಕೊಳ್ಳುತ್ತೇನೆ: "ಈ ನಂಬಿಕೆ ಯಾವತ್ತಾದರೂ ನಿಮಗೆ ನೋವು ಕೊಟ್ಟಿದೆಯಾ?" ಈ ಪ್ರಶ್ನೆಗೆ ಬರುವ ಮೌನದಲ್ಲಿ ಎಷ್ಟೋ ಸಲ ನಿಜವಾದ ವಿಷಯ ಇರುತ್ತದೆ.

ಉತ್ತರ ಕೊಡಲೇಬೇಕು ಅಂತೇನಿಲ್ಲ. "ಇದರ ಬಗ್ಗೆ ಮಾತಾಡೋದು ಬೇಡ" ಅನ್ನುವುದೂ ಪೂರ್ತಿ ಉತ್ತರವೇ.

ನನ್ನ ಥೆರಪಿಸ್ಟ್ ದೇವರನ್ನು ನಂಬುವುದಿಲ್ಲ. ಅವರಿಂದ ನನಗೆ ಸಹಾಯ ಆಗುತ್ತಾ?

ಆಗುತ್ತದೆ, ಅವರಿಗೆ ಗೌರವ ಮತ್ತು ಕುತೂಹಲ ಇದ್ದರೆ. 1992ರಲ್ಲಿ ರೆಬೆಕಾ ಪ್ರಾಪ್ಸ್ಟ್ ಮತ್ತು ಸಂಗಡಿಗರ ಒಂದು ಅಧ್ಯಯನ ಪ್ರಕಟವಾಯಿತು. ಖಿನ್ನತೆಯಿದ್ದ ಧಾರ್ಮಿಕ ಜನರಿಗೆ, ಅವರ ನಂಬಿಕೆಗೆ ಹೊಂದಿಸಿದ ಅರಿವು–ವರ್ತನೆ ಚಿಕಿತ್ಸೆ (ಯೋಚನೆ ಮತ್ತು ನಡವಳಿಕೆಯ ರೀತಿಯನ್ನು ಬದಲಿಸಲು ಕಲಿಸುವ ಚಿಕಿತ್ಸೆ, ಸಿಬಿಟಿ) ಕೊಟ್ಟರು. ಆ ಚಿಕಿತ್ಸೆಯನ್ನು ಧಾರ್ಮಿಕರಲ್ಲದ ಥೆರಪಿಸ್ಟ್‌ಗಳು ಕೊಟ್ಟಾಗಲೂ ಫಲಿತಾಂಶ ಚೆನ್ನಾಗಿಯೇ ಬಂತು. ಅದು ಚಿಕ್ಕ ಅಧ್ಯಯನ, ಅದರ ಮೇಲೆ ಜಾಸ್ತಿ ಭಾರ ಹಾಕಬಾರದು. ಆದರೂ ಒಂದು ಮಾತು ತಿಳಿಯುತ್ತದೆ. ಥೆರಪಿಸ್ಟ್ ನಿಮ್ಮ ಹಾಗೆಯೇ ನಂಬಬೇಕಾಗಿಲ್ಲ. ನಿಮ್ಮ ನಂಬಿಕೆ ನಿಮಗೆ ಏನು ಅನ್ನುವುದು ಅವರಿಗೆ ಅರ್ಥವಾಗಬೇಕು.

ಒಂದೇ ಧರ್ಮದವರು ಸಿಕ್ಕರೆ ಎಲ್ಲ ಸಲೀಸು ಅಂತಲೂ ಅಂದುಕೊಳ್ಳಬೇಡಿ. "ನಮ್ಮವರೇ ಅಲ್ವಾ, ಗೊತ್ತಿರುತ್ತೆ" ಅಂತ ಇಬ್ಬರೂ ಊಹಿಸಿಕೊಂಡು, ಕೇಳಬೇಕಾದ್ದನ್ನು ಕೇಳದೆ ಬಿಡುವುದುಂಟು.

ದೇವರಲ್ಲಿ ನಂಬಿಕೆ ಇರುವವರಿಗೆ ಖಿನ್ನತೆ ಬರುವುದಿಲ್ಲವಾ?

ಬರುತ್ತದೆ. ಭಕ್ತರಿಗೂ ಬರುತ್ತದೆ, ಧರ್ಮಗುರುಗಳಿಗೂ ಬರುತ್ತದೆ, ಇಡೀ ಜೀವನ ಪ್ರಾರ್ಥನೆಯಲ್ಲೇ ಕಳೆದವರಿಗೂ ಬರುತ್ತದೆ.

ಆದರೆ ನಂಬಿಕೆ ಮತ್ತು ಅದರ ಸುತ್ತಲಿನ ಜನ ಒಂದು ಮಟ್ಟಿಗೆ ಕಾಪಾಡುತ್ತಾರೆ ಅನ್ನಲು ಆಧಾರ ಇದೆ. ಅಮೆರಿಕದಲ್ಲಿ 89,708 ಮಹಿಳೆಯರನ್ನು 1996ರಿಂದ 2010ರವರೆಗೆ ಗಮನಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ವಾರಕ್ಕೆ ಒಮ್ಮೆಯಾದರೂ ಸಾಮೂಹಿಕ ಪ್ರಾರ್ಥನೆಗೆ ಹೋಗುತ್ತಿದ್ದವರಲ್ಲಿ ಆತ್ಮಹತ್ಯೆಯ ಪ್ರಮಾಣ, ಎಂದೂ ಹೋಗದವರಿಗೆ ಹೋಲಿಸಿದರೆ ಸುಮಾರು ಐದನೇ ಒಂದು ಭಾಗದಷ್ಟೇ ಇತ್ತು. ಇದನ್ನು ಓದಿ ಯಾರನ್ನೂ ಪ್ರಾರ್ಥನೆಗೆ ಎಳೆದುಕೊಂಡು ಹೋಗಬೇಡಿ. ಇದು ಜನರನ್ನು ಸುಮ್ನೆ ಗಮನಿಸುತ್ತಾ ಹೋದ ಅಧ್ಯಯನ. ಪ್ರಾರ್ಥನೆಗೆ ಹೋಗಿದ್ದೇ ಕಾರಣ ಅಂತ ಅದು ಸಾಬೀತು ಮಾಡುವುದಿಲ್ಲ. ವಾರ ವಾರ ಮುಖ ನೋಡುವ, "ಯಾಕೆ ಬರಲಿಲ್ಲ?" ಅಂತ ವಿಚಾರಿಸುವ ಜನ ಇರುವುದೂ ಒಂದು ದೊಡ್ಡ ಬಲ.

ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಮಾತ್ರ, ನಂಬಿಕೆ ಇರಲಿ ಇಲ್ಲದಿರಲಿ, ಇವತ್ತೇ ಹತ್ತಿರದವರೊಬ್ಬರಿಗೆ ಹೇಳಿ. ವೈದ್ಯರನ್ನು ಅಥವಾ ಸಹಾಯವಾಣಿಯನ್ನು ಸಂಪರ್ಕಿಸಿ. ಒಬ್ಬರೇ ಇರಬೇಡಿ.

ನನ್ನ ಕಾಯಿಲೆ ದೇವರು ಕೊಟ್ಟ ಶಿಕ್ಷೆಯಾ? ನನ್ನ ನಂಬಿಕೆ ಕಮ್ಮಿ ಆಯ್ತಾ?

ಈ ಪ್ರಶ್ನೆಯನ್ನು ಜನ ತಲೆ ತಗ್ಗಿಸಿಕೊಂಡು ಕೇಳುತ್ತಾರೆ. ಅವರ ದನಿಯೇ ಬೇರೆ ಇರುತ್ತದೆ.

ಕಾಯಿಲೆ ಯಾಕೆ ಬರುತ್ತದೆ ಅನ್ನುವುದಕ್ಕೆ ವೈದ್ಯಶಾಸ್ತ್ರದಲ್ಲಿ ಉತ್ತರಗಳಿವೆ. ವಂಶದಿಂದ ಬರುವ ಅಪಾಯ, ಮೆದುಳಿನ ಕೆಲಸದಲ್ಲಿ ಏರುಪೇರು, ಬಾಲ್ಯದ ಆಘಾತ, ಅಗಲಿಕೆ, ಬಡತನ, ಒಂಟಿತನ, ಬೇರೆ ದೈಹಿಕ ರೋಗ. ಇವುಗಳಲ್ಲಿ ಹಲವು ಒಟ್ಟಿಗೆ ಸೇರುತ್ತವೆ. ಆ ಪಟ್ಟಿಯಲ್ಲಿ "ಭಕ್ತಿ ಸಾಲದು" ಅನ್ನುವುದು ಇಲ್ಲ. ಖಿನ್ನತೆ ಬಂದಾಗ ಯಾವುದರಲ್ಲೂ ರುಚಿ ಇರುವುದಿಲ್ಲ. ಊಟ, ಹಾಡು, ಮಕ್ಕಳ ನಗು ಎಲ್ಲ ಸಪ್ಪೆ. ಪ್ರಾರ್ಥನೆಯೂ ಹಾಗೇ ಸಪ್ಪೆಯಾಗುತ್ತದೆ. ಅದನ್ನು "ದೇವರು ನನ್ನ ಕೈಬಿಟ್ಟ" ಅಂತ ಓದಿಕೊಂಡರೆ ಕಾಯಿಲೆಯ ಮೇಲೆ ಇನ್ನೊಂದು ಗಾಯ.

ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ತಮ್ಮ ಬದುಕಿನ ಬಹುಪಾಲನ್ನು ಈ ವಿಷಯಕ್ಕೇ ಕೊಟ್ಟಿದ್ದಾರೆ. ಕಷ್ಟದಲ್ಲಿ ಜನ ನಂಬಿಕೆಯನ್ನು ಎರಡು ಥರ ಬಳಸುತ್ತಾರೆ ಅನ್ನುತ್ತಾರೆ ಅವರು. "ದೇವರು ನನ್ನ ಜೊತೆಗಿದ್ದಾನೆ, ಇದನ್ನೂ ದಾಟ್ತೀನಿ" ಅನ್ನುವುದು ಒಂದು. "ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆ, ಕೈಬಿಟ್ಟಿದ್ದಾನೆ" ಅನ್ನುವ ಒಳಗಿನ ಹೋರಾಟ ಇನ್ನೊಂದು. ಅವರ ತಂಡ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಸ್ಪತ್ರೆಗೆ ಸೇರಿದ್ದ ವಯಸ್ಸಾದವರನ್ನು ಸುಮಾರು ಎರಡು ವರ್ಷ ಗಮನಿಸಿದರು. ಎರಡನೇ ಥರದ ಹೋರಾಟ ಇದ್ದವರಲ್ಲಿ ಸಾವಿನ ಅಪಾಯವೂ ಹೆಚ್ಚಿತ್ತು. ಅಂದರೆ ನಂಬಿಕೆ ಇದೆಯೋ ಇಲ್ಲವೋ ಅಂತ ಕೇಳಿದರೆ ಸಾಲದು. ಆ ನಂಬಿಕೆಯೊಳಗೆ ನೀವು ಹೇಗಿದ್ದೀರಿ ಅಂತ ಕೇಳಬೇಕು. ಅದು ನಿಮ್ಮನ್ನು ಎತ್ತಿ ಹಿಡಿದಿದೆಯಾ, ಉಸಿರು ಕಟ್ಟಿಸುತ್ತಿದೆಯಾ?

ದೇವರ ಮೇಲೆ ಸಿಟ್ಟು ಬಂದಿದ್ದರೆ ಅದನ್ನೂ ಥೆರಪಿಯಲ್ಲಿ ಹೇಳಿ. ಸಿಟ್ಟು ಬಂದ ಮಾತ್ರಕ್ಕೆ ಸಂಬಂಧ ಮುರಿದುಹೋಗುವುದಿಲ್ಲ. ಪ್ರೀತಿ ಇದ್ದ ಕಡೆಯೇ ಅಂಥ ಸಿಟ್ಟು ಬರುವುದು.

ಪ್ರಾರ್ಥನೆ ಶುರುಮಾಡಿದ್ದೇನೆ. ಮಾತ್ರೆ ಬಿಡಬಹುದಾ?

ದಯವಿಟ್ಟು ಬಿಡಬೇಡಿ. ಕೆಲವು ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ಚಡಪಡಿಕೆ ಬರಬಹುದು. ಕಾಯಿಲೆ ಇನ್ನೂ ಜೋರಾಗಿ ಮರಳಬಹುದು. ನಿಲ್ಲಿಸಬೇಕು ಅನ್ನಿಸಿದರೆ ವೈದ್ಯರ ಜೊತೆ ಮಾತಾಡಿ, ನಿಧಾನಕ್ಕೆ ಕಮ್ಮಿ ಮಾಡುವ ದಾರಿ ಇದೆ.

ಪ್ರಾರ್ಥನೆ ಮತ್ತು ಮಾತ್ರೆ ಒಂದಕ್ಕೊಂದು ಎದುರಾಳಿ ಅಲ್ಲ. ಘಾನಾ ದೇಶದ ಒಂದು ಪ್ರಾರ್ಥನಾ ಶಿಬಿರದಲ್ಲಿ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ತೀವ್ರ ಮಾನಸಿಕ ಕಾಯಿಲೆಯ 139 ಜನ ಅದರಲ್ಲಿದ್ದರು. ಆ ಶಿಬಿರದಲ್ಲಿ ರೋಗಿಗಳನ್ನು ಸರಪಳಿಯಲ್ಲಿ ಕಟ್ಟಿಡುವುದೂ ಇತ್ತು. ಎಲ್ಲರಿಗೂ ಶಿಬಿರದ ಪ್ರಾರ್ಥನೆ ಎಂದಿನಂತೆ ನಡೆಯಿತು. ಅರ್ಧದಷ್ಟು ಜನರಿಗೆ ಅದರ ಜೊತೆಗೆ ಔಷಧಿಯನ್ನೂ ಕೊಟ್ಟರು. ಆರು ವಾರದಲ್ಲಿ ಔಷಧಿ ಪಡೆದವರ ರೋಗಲಕ್ಷಣಗಳು ಹೆಚ್ಚು ಇಳಿದವು. ಆದರೆ ಒಂದು ಸಂಗತಿ ಓದಿ ನನಗೆ ತುಂಬಾ ಸಂಕಟವಾಯಿತು. ಸರಪಳಿಯಲ್ಲಿ ಕಳೆದ ದಿನಗಳಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಕಾಯಿಲೆ ಇಳಿದರೂ ಸರಪಳಿ ಕಳಚಲಿಲ್ಲ.

ಇದು ಒಂದು ದೇಶದ ಮಾತಲ್ಲ. ಮಾನಸಿಕ ಕಾಯಿಲೆ ಇರುವವರನ್ನು ಕಟ್ಟಿಹಾಕುವುದು ಸುಮಾರು 60 ದೇಶಗಳಲ್ಲಿ ನಡೆಯುತ್ತಿದೆ ಎಂದು ಹ್ಯೂಮನ್ ರೈಟ್ಸ್ ವಾಚ್ ಎಂಬ ಮಾನವ ಹಕ್ಕುಗಳ ಸಂಸ್ಥೆ 2020ರಲ್ಲಿ ವರದಿ ಮಾಡಿತು. ಮನೆಗಳಲ್ಲಿ, ಆಸ್ಪತ್ರೆಗಳಲ್ಲಿ, ಧಾರ್ಮಿಕ ಕೇಂದ್ರಗಳಲ್ಲಿ. ಕಟ್ಟಿಹಾಕುವುದು, ಉಪವಾಸ ಹಾಕುವುದು, ಹೊಡೆಯುವುದು ಇವುಗಳನ್ನು ಯಾರು ಯಾವ ದೇವರ ಹೆಸರಲ್ಲಿ ಮಾಡಿದರೂ ಅದು ಚಿಕಿತ್ಸೆ ಅಲ್ಲ. ಅಂಥ ಕಡೆ ನಿಮ್ಮವರನ್ನು ಬಿಟ್ಟಿದ್ದರೆ ಹೊರಗೆ ಕರೆತನ್ನಿ.

ನನಗೆ ದೇವರ ದನಿ ಕೇಳಿಸುತ್ತದೆ. ಇದು ಕಾಯಿಲೆಯಾ?

ಕೇಳಿಸಿದ ಮಾತ್ರಕ್ಕೆ ಕಾಯಿಲೆ ಅನ್ನಲಾಗುವುದಿಲ್ಲ. 1971ರಲ್ಲಿ ಡೀವಿ ರೀಸ್ ಎಂಬ ವೈದ್ಯರು ವೇಲ್ಸ್‌ನಲ್ಲಿ ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡ 293 ಜನರನ್ನು ಮಾತಾಡಿಸಿದ ವಿವರ ಪ್ರಕಟಿಸಿದರು. ಹತ್ತಿರ ಹತ್ತಿರ ಅರ್ಧ ಜನಕ್ಕೆ ತೀರಿಕೊಂಡವರ ಒಂದಲ್ಲ ಒಂದು ಅನುಭವ ಆಗಿತ್ತು. ಅವರಲ್ಲಿ ಹೆಚ್ಚಿನವರಿಗೆ ಅವರು ಪಕ್ಕದಲ್ಲೇ ಇದ್ದಾರೆ ಅನ್ನಿಸಿತ್ತು. ಕೆಲವರಿಗೆ ದನಿ ಕೇಳಿಸಿತ್ತು, ಕೆಲವರು ಕಂಡೂ ಇದ್ದರು. ಬಹಳ ಜನಕ್ಕೆ ಅದರಿಂದ ಸಮಾಧಾನವೇ ಸಿಕ್ಕಿತ್ತು. ಆದರೆ ಹೆಚ್ಚಿನವರು ಅದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಹುಚ್ಚು ಅಂದುಕೊಂಡಾರು ಅನ್ನುವ ಅಳುಕು ಎಷ್ಟು ಜನರ ಬಾಯಿ ಕಟ್ಟುತ್ತದೆ, ಯೋಚಿಸಿ.

ಹಾಗಾದರೆ ವ್ಯತ್ಯಾಸ ಗುರುತಿಸುವುದು ಹೇಗೆ? ದನಿ ಏನು ಹೇಳುತ್ತದೆ ಅನ್ನುವುದಕ್ಕಿಂತ ಅದರ ಸುತ್ತಮುತ್ತ ಏನಾಗುತ್ತಿದೆ ಅಂತ ನಾವು ನೋಡುತ್ತೇವೆ. ನಿದ್ದೆ, ಊಟ, ಕೆಲಸ ಹಾಳಾಗಿದೆಯಾ? ಯೋಚನೆಗಳು ಚೆಲ್ಲಾಪಿಲ್ಲಿ ಆಗಿವೆಯಾ? ಯಾರೋ ಬೆನ್ನು ಹತ್ತಿದ್ದಾರೆ ಅನ್ನುವ ಭಯ ಇದೆಯಾ? ದನಿ ನಿಮ್ಮನ್ನು ಬೈಯುತ್ತದೆಯಾ, ಅಪ್ಪಣೆ ಕೊಡುತ್ತದೆಯಾ? "ಇದು ನನ್ನ ಮನಸ್ಸಿನ ಆಟವೂ ಆಗಿರಬಹುದು" ಅನ್ನುವ ಸಣ್ಣ ಅನುಮಾನಕ್ಕೆ ಜಾಗ ಉಳಿದಿದೆಯಾ? ಇನ್ನೊಂದು ಒಳ್ಳೆಯ ಸುಳಿವು, ನಿಮ್ಮದೇ ನಂಬಿಕೆಯ ಹಿರಿಯರು ಏನನ್ನುತ್ತಾರೆ ಅನ್ನುವುದು. ಒಂದು ಸಮುದಾಯ ಸಹಜವಾಗಿ ಒಪ್ಪುವ ನಂಬಿಕೆಯನ್ನು ಮನೋವೈದ್ಯರು ಭ್ರಮೆ ಅಂತ ಕರೆಯುವುದಿಲ್ಲ. ಆದರೆ ಆ ಸಮುದಾಯದವರೇ "ಇದು ನಮ್ಮಲ್ಲಿ ಇರುವಂಥದ್ದಲ್ಲ, ಇವರು ಮೊದಲಿನ ಹಾಗಿಲ್ಲ" ಅಂದರೆ ಆ ಮಾತನ್ನು ಗಂಭೀರವಾಗಿ ತಗೊಳ್ಳಬೇಕು.

ನಿಮಗೇ ಆಗಲಿ ಬೇರೆಯವರಿಗೇ ಆಗಲಿ ಹಾನಿ ಮಾಡು ಅಂತ ದನಿ ಹೇಳುತ್ತಿದ್ದರೆ ತಡಮಾಡಬೇಡಿ. ಆ ದಿನವೇ ಮನೋವೈದ್ಯರ ಬಳಿ ಹೋಗಿ.

ಎರಡೂ ಒಟ್ಟಿಗೆ ಇರುವುದೂ ಸಾಧ್ಯ. ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಭ್ರಮೆಗಳು ಬರುವ ತೀವ್ರ ಕಾಯಿಲೆ) ಇರುವ ವ್ಯಕ್ತಿಯ ಭಕ್ತಿ ಸುಳ್ಳು ಅಂತ ಅರ್ಥವಲ್ಲ. ಕಾಯಿಲೆ ಹಿಡಿತಕ್ಕೆ ಬಂದ ಮೇಲೆ ಶಾಂತವಾದ ಪ್ರಾರ್ಥನೆಗೆ ಮರಳಿ, ಅದೇ ತಮ್ಮ ಆಸರೆ ಅನ್ನುವವರಿದ್ದಾರೆ.

ಪ್ರಾರ್ಥನೆ ಮಾಡುವಾಗಲೇ ದೇವರ ಬಗ್ಗೆ ಕೆಟ್ಟ ಕೆಟ್ಟ ಯೋಚನೆ ಬರುತ್ತೆ. ನಾನು ಪಾಪಿಯಾ?

ಇಲ್ಲ. ಬಹುಶಃ ಇದು ಗೀಳು. ಧರ್ಮದ ವಿಷಯದ ಇಂಥ ಗೀಳಿಗೆ ಇಂಗ್ಲಿಷಿನಲ್ಲಿ ಸ್ಕ್ರುಪ್ಯುಲಾಸಿಟಿ ಅನ್ನುತ್ತಾರೆ. ಚೂಪಾದ ಸಣ್ಣ ಕಲ್ಲು ಅನ್ನುವ ಅರ್ಥದ ಲ್ಯಾಟಿನ್ ಮಾತಿನಿಂದ ಬಂದ ಪದ ಅದು. ಕಾಲಡಿ ಸಿಕ್ಕಿದ ಕಲ್ಲು ಹೆಜ್ಜೆ ಹೆಜ್ಜೆಗೂ ಚುಚ್ಚುತ್ತದೆ, ಅಲ್ವಾ? ಹಾಗೇ ಇದು.

ಇದು ಹೇಗೆ ಬೆಳೆಯುತ್ತದೆ ಅಂತ ಹೇಳುತ್ತೇನೆ. ಎಲ್ಲರ ತಲೆಯಲ್ಲೂ ಅರ್ಥವಿಲ್ಲದ, ಅಸಹ್ಯದ ಯೋಚನೆಗಳು ಸುಳಿದು ಹೋಗುತ್ತವೆ. ದೇವರು ತುಂಬಾ ಮುಖ್ಯವಾದವರಿಗೆ ಅಂಥ ಯೋಚನೆ ದೇವರ ಬಗ್ಗೆ ಬಂದರೆ ಗಾಬರಿಯಾಗುತ್ತದೆ. ಅದನ್ನು ಒತ್ತಿ ಹಿಡಿಯುತ್ತಾರೆ. ಒತ್ತಿದಷ್ಟೂ ಅದು ಪುಟಿಯುತ್ತದೆ. ಆಗ ಪ್ರಾರ್ಥನೆಯನ್ನು ಮೊದಲಿನಿಂದ ಶುರುಮಾಡುತ್ತಾರೆ. ಒಂದು ಕ್ಷಣ ಹಗುರ. ಆ ಹಗುರವೇ ಮೆದುಳಿಗೆ ಪಾಠ ಕಲಿಸುತ್ತದೆ: "ಅಪಾಯ ನಿಜ, ಮತ್ತೆ ಹೇಳಿದ್ದಕ್ಕೇ ಬಚಾವಾದೆ." ಮುಂದಿನ ಸಲ ಎರಡು ಸಲ ಹೇಳಬೇಕಾಗುತ್ತದೆ, ಆಮೇಲೆ ಹತ್ತು. ಐದು ನಿಮಿಷದ ಪ್ರಾರ್ಥನೆ ಎರಡು ಗಂಟೆಗೆ ಬೆಳೆಯುತ್ತದೆ. ಕೊನೆಗೆ ಪ್ರೀತಿಯಿಂದ ಮಾಡುತ್ತಿದ್ದದ್ದೇ ಹಿಂಸೆಯಾಗುತ್ತದೆ.

ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಯೋಚನೆ ಬಂದರೆ ಬರಲಿ ಅಂತ ಬಿಟ್ಟು, ಮತ್ತೆ ಮತ್ತೆ ಹೇಳುವುದನ್ನು ತಡೆದುಕೊಳ್ಳುವ ಅಭ್ಯಾಸವನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಸುತ್ತಾರೆ. ಬೇಕಾದರೆ ಔಷಧಿಯೂ ಇದೆ. ಇದರಲ್ಲಿ ಧರ್ಮಗುರುಗಳ ಸಹಾಯ ತುಂಬಾ ದೊಡ್ಡದು. "ಒಮ್ಮೆ ಹೇಳಿದರೆ ಸಾಕು, ಅದು ಸಲ್ಲುತ್ತದೆ" ಅಂತ ಅವರು ಹೇಳಿದರೆ ಥೆರಪಿಗೆ ಬಲ ಬರುತ್ತದೆ. ಆದರೆ ದಿನಾ ಫೋನ್ ಮಾಡಿ ಅದೇ ಭರವಸೆ ಕೇಳುವುದು ಶುರುವಾದರೆ ಅದೂ ಗೀಳಿನ ಭಾಗವೇ ಆಗಿಬಿಡುತ್ತದೆ. ಹಾಗಾಗಿ ಒಂದು ಸಲ ಸ್ಪಷ್ಟವಾಗಿ ಕೇಳಿ, ಅಲ್ಲಿಗೇ ನಿಲ್ಲಿಸಬೇಕು. ಈ ಚಿಕಿತ್ಸೆ ನಿಮ್ಮ ಭಕ್ತಿಯನ್ನು ಕಿತ್ತುಕೊಳ್ಳುವುದಿಲ್ಲ. ಗೀಳು ಕಿತ್ತುಕೊಂಡ ಭಕ್ತಿಯನ್ನು ಮರಳಿ ಪಡೆಯಲು ದಾರಿ ಮಾಡಿಕೊಡುತ್ತದೆ.

ಧ್ಯಾನ ಎಲ್ಲರಿಗೂ ಒಳ್ಳೆಯದಾ?

ಬಹಳ ಜನಕ್ಕೆ ಒಳ್ಳೆಯದು. ಎಲ್ಲರಿಗೂ, ಎಲ್ಲ ಹೊತ್ತಲ್ಲೂ ಅಂತ ಹೇಳಲಾರೆ.

ಜಾನ್ ಕಬಾಟ್‌ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಬೌದ್ಧ ಧ್ಯಾನದ ಆಧಾರದ ಮೇಲೆ, ಆದರೆ ಧರ್ಮದ ಮಾತಿಲ್ಲದೆ, ಒಂದು ತರಬೇತಿ ಶುರುಮಾಡಿದರು. ಅದು ಎಂಟು ವಾರದ ತರಬೇತಿಯಾಗಿ ಬೆಳೆಯಿತು. ಆಮೇಲೆ ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಎಂಬ ಮೂವರು ಅದನ್ನು ಅರಿವಿನ ಚಿಕಿತ್ಸೆಯ ಜೊತೆ ಸೇರಿಸಿ, ಖಿನ್ನತೆ ಮರುಕಳಿಸುವುದನ್ನು ತಡೆಯಲು ಬಳಸಿದರು. 2015ರಲ್ಲಿ ಪ್ರಕಟವಾದ, 424 ಜನರಿದ್ದ ಬ್ರಿಟನ್ನಿನ ಅಧ್ಯಯನದಲ್ಲಿ ಈ ತರಬೇತಿ ಪಡೆದವರಲ್ಲಿ ಎರಡು ವರ್ಷದಲ್ಲಿ 44%ರಷ್ಟು ಜನಕ್ಕೆ ಖಿನ್ನತೆ ಮರಳಿತು. ಮಾತ್ರೆಯನ್ನೇ ಮುಂದುವರಿಸಿದವರಲ್ಲಿ 47%. ಎರಡೂ ಹೆಚ್ಚುಕಮ್ಮಿ ಒಂದೇ. ತೀವ್ರ ಭಾವನೆಗಳನ್ನು ನಿಭಾಯಿಸಲು ಕಲಿಸುವ, ಮಾರ್ಷಾ ಲಿನೆಹನ್ ರೂಪಿಸಿದ ಡಿಬಿಟಿ ಎಂಬ ಚಿಕಿತ್ಸೆಯಲ್ಲೂ ಝೆನ್ ಎಂಬ ಬೌದ್ಧ ಧ್ಯಾನ ಪಂಥದ ಅಭ್ಯಾಸದ ಬೇರುಗಳಿವೆ.

ಇನ್ನೊಂದು ಮುಖವೂ ಇದೆ. ಜೇರೆಡ್ ಲಿಂಡಾಲ್, ವಿಲ್ಲೋಬಿ ಬ್ರಿಟನ್ ಮತ್ತಿತರರು 2017ರಲ್ಲಿ ಧ್ಯಾನಿಗಳ ಕಷ್ಟದ ಅನುಭವಗಳನ್ನು ದಾಖಲಿಸಿದರು. ಭಯ, ನಿದ್ದೆಗೇಡು, ತಾನು ತಾನಲ್ಲ ಅನ್ನಿಸುವುದು, ಹಳೆಯ ಆಘಾತ ಮೇಲೇಳುವುದು. ಅದರಲ್ಲಿ ಹೊಸಬರಷ್ಟೇ ಅಲ್ಲ, ಧ್ಯಾನ ಕಲಿಸುವವರೂ ಇದ್ದರು. ನಿಮಗೆ ಆಘಾತದ ನೆನಪುಗಳಿದ್ದರೆ, ಹಿಂದೆ ಸೈಕೋಸಿಸ್ (ವಾಸ್ತವದ ಹಿಡಿತ ತಪ್ಪುವ ಸ್ಥಿತಿ) ಅಥವಾ ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ) ಕಾಯಿಲೆ ಆಗಿದ್ದರೆ, ಹತ್ತು ದಿನ ಮಾತಿಲ್ಲದೆ ಕೂರುವ ಶಿಬಿರಕ್ಕೆ ಹೋಗುವ ಮೊದಲು ವೈದ್ಯರನ್ನು ಕೇಳಿ. ಹತ್ತು ನಿಮಿಷ, ಕಣ್ಣು ತೆರೆದು, ನಡೆಯುತ್ತಾ ಮಾಡುವ ಧ್ಯಾನದಿಂದ ಶುರುಮಾಡಬಹುದು. ಕಷ್ಟ ಆದರೆ ನಿಲ್ಲಿಸಿ. ಅದು ಸೋಲಲ್ಲ.

"ಎಲ್ಲಾ ದೇವರಿಗೆ ಬಿಟ್ಟಿದ್ದೇನೆ." ಅಷ್ಟು ಸಾಕಲ್ವಾ?

ಕೆಲವು ಸಲ ಅಷ್ಟೇ ಸಾಕು. ಕೈಮೀರಿದ ವಿಷಯವನ್ನು ಬಿಟ್ಟುಕೊಡುವುದು ದೊಡ್ಡ ಶಕ್ತಿ.

ಆದರೆ ಹೊಡೆಯುವ ಗಂಡನ ಜೊತೆ ಇದ್ದುಕೊಂಡು "ದೇವರ ಇಚ್ಛೆ" ಅನ್ನುವುದು ಬೇರೆ. ತಾಯಿ ಸತ್ತು ವಾರವಾಗಿಲ್ಲ, ಒಂದು ಹನಿ ಕಣ್ಣೀರು ಹಾಕದೆ "ಆತ್ಮಕ್ಕೆ ಸಾವಿಲ್ಲ, ನನಗೇನೂ ದುಃಖ ಇಲ್ಲ" ಅನ್ನುವುದು ಬೇರೆ. ಒಳಗಿನ ನೋವನ್ನು ಮುಟ್ಟದೇ ಇರಲು ಅಧ್ಯಾತ್ಮದ ಮಾತನ್ನು ಅಡ್ಡ ಇಟ್ಟುಕೊಳ್ಳುವುದನ್ನು ಜಾನ್ ವೆಲ್‌ವುಡ್ ಎಂಬ ಥೆರಪಿಸ್ಟ್ 1980ರ ದಶಕದಲ್ಲಿ ಗುರುತಿಸಿ, ಆಧ್ಯಾತ್ಮಿಕ ಅಡ್ಡದಾರಿ ಅನ್ನುವ ಅರ್ಥದ ಹೆಸರು ಕೊಟ್ಟರು. ಅವರು ಸ್ವತಃ ಬೌದ್ಧ ಸಾಧಕರು. ಹಾಗಾಗಿ ಅವರ ಮಾತು ಹೊರಗಿನವರ ಟೀಕೆಯಾಗಿರಲಿಲ್ಲ.

ನನಗೆ ಯಾವ ದೇವರಲ್ಲೂ ನಂಬಿಕೆ ಇಲ್ಲ. ಇದೆಲ್ಲ ನನಗೆ ಬೇಕಾ?

ದೇವರು ಬೇಕಾಗಿಲ್ಲ. ಆದರೆ ಅರ್ಥದ ಪ್ರಶ್ನೆ ನಿಮ್ಮನ್ನೂ ಬಿಡುವುದಿಲ್ಲ. ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ಅವರನ್ನು 1942ರಲ್ಲಿ ನಾಜಿಗಳು ಸೆರೆಶಿಬಿರಕ್ಕೆ ಸಾಗಿಸಿದರು. 1945ರಲ್ಲಿ ಹೊರಬಂದಾಗ ತಂದೆ, ತಾಯಿ, ಅಣ್ಣ, ಹೆಂಡತಿ ಯಾರೂ ಉಳಿದಿರಲಿಲ್ಲ, ತಂಗಿಯೊಬ್ಬಳನ್ನು ಬಿಟ್ಟು. ಬದುಕಿಗೆ ಒಂದು ಕಾರಣ ಕಂಡವರು ಎಂಥ ನೋವನ್ನೂ ತಾಳಬಲ್ಲರು ಅನ್ನುವುದು ಅವರು ರೂಪಿಸಿದ ಲೋಗೋಥೆರಪಿಯ, ಅಂದರೆ ಬದುಕಿನ ಅರ್ಥ ಹುಡುಕುವ ಚಿಕಿತ್ಸೆಯ ಹುರುಳು. ಆ ಕಾರಣ ಒಂದು ಕೆಲಸ ಇರಬಹುದು, ಒಬ್ಬ ವ್ಯಕ್ತಿ ಇರಬಹುದು, ತಪ್ಪಿಸಲಾಗದ ನೋವನ್ನು ಎದುರಿಸುವ ರೀತಿಯೂ ಇರಬಹುದು.

ಥೆರಪಿಸ್ಟ್ ನಿಮಗೆ ಭಕ್ತಿ ಬೆಳೆಸಿಕೊಳ್ಳಿ ಅಂತ ಹೇಳಿದರೆ ಅದು ತಪ್ಪು. ನೇರವಾಗಿ ಬೇಡ ಅನ್ನಿ.

ಕುಡಿತ ಬಿಡಿಸುವ ಗುಂಪುಗಳಲ್ಲಿ ದೇವರ ಮಾತು ಯಾಕೆ ಅಷ್ಟು ಬರುತ್ತದೆ?

ಇಂಥ ಗುಂಪುಗಳಲ್ಲಿ ಹೆಸರಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಶುರುವಾದದ್ದು 1935ರಲ್ಲಿ, ಅಮೆರಿಕದ ಆಕ್ರನ್ ಊರಿನಲ್ಲಿ. ಕುಡಿತಕ್ಕೆ ಸೋತಿದ್ದ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಅದನ್ನು ಕಟ್ಟಿದರು. "ನನ್ನ ಬಲದಿಂದ ಆಗುತ್ತಿಲ್ಲ" ಅಂತ ಒಪ್ಪಿ, ತನಗಿಂತ ದೊಡ್ಡ ಶಕ್ತಿಯೊಂದರ ಕೈಹಿಡಿಯುವುದು ಅವರ ಹನ್ನೆರಡು ಮೆಟ್ಟಿಲುಗಳಲ್ಲಿ ಮೊದಲಿಗೇ ಬರುತ್ತದೆ. ಆ ಶಕ್ತಿ ಯಾವುದು ಅನ್ನುವುದು ನಿಮಗೆ ಬಿಟ್ಟದ್ದು. ಆ ಗುಂಪೇ ತಮ್ಮ ದೊಡ್ಡ ಶಕ್ತಿ ಅನ್ನುವ ನಾಸ್ತಿಕರೂ ಇದ್ದಾರೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಸಂಸ್ಥೆಯ 2020ರ ವಿಮರ್ಶೆ 27 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಈ ಗುಂಪುಗಳಿಗೆ ಸೇರಿಸುವಂತೆ ವ್ಯವಸ್ಥಿತವಾಗಿ ನಡೆಸುವ ಚಿಕಿತ್ಸೆ, ಕುಡಿತದಿಂದ ಪೂರ್ತಿ ದೂರ ಉಳಿಯುವ ವಿಷಯದಲ್ಲಿ ಬೇರೆ ಚಿಕಿತ್ಸೆಗಳಿಗಿಂತ ಹೆಚ್ಚು ಫಲ ಕೊಟ್ಟಿತ್ತು.

ನಮ್ಮ ಧರ್ಮಗುರುಗಳ ಹತ್ತಿರ ಮಾತಾಡಿದರೆ ಸಾಲದಾ?

ದುಃಖ, ತಪ್ಪಿನ ಭಾರ, ದಾರಿ ಕಾಣದ ಗೊಂದಲ ಇವಕ್ಕೆ ಒಳ್ಳೆಯ ಗುರುಗಳು ಬಹಳ ಮಾಡಬಲ್ಲರು. ಆದರೆ ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಊಟ ಬಿಟ್ಟಿದ್ದರೆ, ಸಾಯುವ ಮಾತು ಬಂದರೆ, ಇಲ್ಲದ್ದು ಕಂಡರೆ ಕೇಳಿದರೆ ವೈದ್ಯರೂ ಬೇಕು. ಇದನ್ನು ಬಲ್ಲ ಗುರುಗಳು ತಾವೇ ಕಳಿಸಿಕೊಡುತ್ತಾರೆ. "ವೈದ್ಯರ ಹತ್ತಿರ ಹೋದರೆ ನಿನ್ನ ನಂಬಿಕೆ ಸುಳ್ಳು" ಅನ್ನುವವರಿಂದ ದೂರ ಇರಿ.

ಆಂಟನ್ ಬಾಯ್ಸೆನ್ ಅವರ ಬದುಕು ನನಗೆ ಇಲ್ಲಿ ನೆನಪಾಗುತ್ತದೆ. ಅವರು ಅಮೆರಿಕದ ಪಾದ್ರಿ. 1920ರಲ್ಲಿ ತೀವ್ರ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿದರು. ಗುಣವಾದ ಮೇಲೆ ವೂಸ್ಟರ್ ರಾಜ್ಯ ಆಸ್ಪತ್ರೆಯಲ್ಲಿ ಪಾದ್ರಿಯಾಗಿ ಕೆಲಸಕ್ಕೆ ನಿಂತರು. 1925ರ ಬೇಸಿಗೆಯಲ್ಲಿ ಧರ್ಮಶಾಸ್ತ್ರದ ವಿದ್ಯಾರ್ಥಿಗಳನ್ನು ರೋಗಿಗಳ ಬಳಿಗೇ ಕರೆತಂದರು. ಪುಸ್ತಕ ಓದಿದ ಹಾಗೆ ಈ ಮನುಷ್ಯರನ್ನು ಓದಿ ಕಲಿಯಿರಿ ಅನ್ನುವುದು ಅವರ ಪಾಠ. ಇವತ್ತು ಹಲವು ದೇಶಗಳ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಧಾರ್ಮಿಕ ಆಸರೆ ಕೊಡುವ ಚಾಪ್ಲಿನ್‌ಗಳಿಗೆ ಕೊಡುವ ತರಬೇತಿಗೆ ಅದೇ ಮೂಲ.

ಥೆರಪಿಸ್ಟ್ ಮಿತಿ ಮೀರುತ್ತಿದ್ದಾರೆ ಅಂತ ಹೇಗೆ ಗೊತ್ತಾಗುತ್ತದೆ?

ಕೇಳದೆಯೇ ತಮ್ಮ ಧರ್ಮದ ಬೋಧನೆ ಮಾಡಿದರೆ. ನಿಮ್ಮ ನಂಬಿಕೆಯನ್ನು ನೋಡಿ ನಕ್ಕರೆ. ತಮ್ಮ ಗುರುವಿನ ಬಳಿ ಬನ್ನಿ, ಕಾಣಿಕೆ ಕೊಡಿ ಅಂದರೆ. ನಿಮ್ಮ ಒಪ್ಪಿಗೆ ಇಲ್ಲದೆ ಪ್ರಾರ್ಥನೆಗೋ ಧ್ಯಾನಕ್ಕೋ ಕೂರಿಸಿದರೆ. ನೀವು ಯಾರನ್ನು ಪ್ರೀತಿಸುತ್ತೀರಿ, ಯಾವ ಲಿಂಗದವರಾಗಿ ಬದುಕುತ್ತೀರಿ ಅನ್ನುವುದನ್ನು ಪಾಪ ಅಂದು ಬದಲಾಯಿಸಲು ನೋಡಿದರೆ. ಇವುಗಳಲ್ಲಿ ಒಂದು ಕಂಡರೂ ಪ್ರಶ್ನೆ ಮಾಡುವ, ಬೇರೆಯವರ ಬಳಿ ಹೋಗುವ, ದೂರು ಕೊಡುವ ಹಕ್ಕು ನಿಮಗಿದೆ.

ಥೆರಪಿಸ್ಟ್‌ಗೆ ಸ್ವಂತ ನಂಬಿಕೆ ಇರುವುದು ತಪ್ಪಲ್ಲ. ಆ ಕೋಣೆಯಲ್ಲಿ ನಂಬಿಕೆ ಕೊಡುವುದೂ ಅವರ ಕೆಲಸವಲ್ಲ, ಕಿತ್ತುಕೊಳ್ಳುವುದೂ ಅಲ್ಲ.

ಮೊದಲ ಸಲ ಈ ಮಾತು ಎತ್ತುವುದು ಹೇಗೆ?

ಉದ್ದ ಪೀಠಿಕೆ ಬೇಡ. "ನನಗೆ ನನ್ನ ನಂಬಿಕೆ ಮುಖ್ಯ. ಅದರ ಬಗ್ಗೆ ಇಲ್ಲಿ ಮಾತಾಡಬಹುದಾ?" ಅಂತ ಕೇಳಿ. ಅಥವಾ, "ದೇವರ ಮೇಲೆ ನನಗೆ ಸಿಟ್ಟಿದೆ, ಯಾರಿಗೂ ಹೇಳಿಲ್ಲ" ಅಂತ ಶುರುಮಾಡಿ. ಬಾಯಲ್ಲಿ ಬರದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಆ ಥರ ಚೀಟಿ ಕೊಡುವವರು ಇದ್ದಾರೆ. ಅದನ್ನು ಓದಿ ಮುಗಿಸುವವರೆಗೆ ಅವರು ನೆಲ ನೋಡುತ್ತಾ ಕೂತಿರುತ್ತಾರೆ. ನಾನು ತಲೆ ಎತ್ತಿ "ಇದರ ಬಗ್ಗೆ ಇನ್ನೂ ಹೇಳಿ" ಅಂದಾಗ ಅವರ ಭುಜ ಸಡಿಲಾಗುವುದು ಕಾಣುತ್ತದೆ.